ಕೃಪೆ ಸಿಕ್ಕಿತು, ಲೆಕ್ಕ ಉಳಿಯಿತು

ಜಾನ್ ನ್ಯೂಟನ್ ಹಡಗಿನ ಕಪ್ತಾನನಾಗಿದ್ದಾಗ ಬರೆದಿಟ್ಟ ದಿನಚರಿ ಇವತ್ತಿಗೂ ಉಳಿದಿದೆ. 1750ರ ಆಗಸ್ಟ್‌ನಲ್ಲಿ ‘ಡ್ಯೂಕ್ ಆಫ್ ಆರ್ಗೈಲ್’ ಎಂಬ ಹಡಗು ಲಿವರ್‌ಪೂಲ್ ಬಂದರು ಬಿಟ್ಟಲ್ಲಿಂದ ಅದು ಶುರು. ಗಾಳಿ ಯಾವ ಕಡೆಯಿಂದ ಬೀಸಿತು, ಯಾವ ದೋಣಿ ದಡಕ್ಕೆ ಹೋಯಿತು, ಎಷ್ಟು ಜನರನ್ನು ಕೊಂಡು ತಂದಿತು ಎಂದೆಲ್ಲ ಅಚ್ಚುಕಟ್ಟಾಗಿ ಬರೆದ ಪುಸ್ತಕ ಅದು. ಕೊಂಡು ತಂದವರು ಆಫ್ರಿಕದ ಗಂಡಸರು, ಹೆಂಗಸರು, ಮಕ್ಕಳು. ಅವರಲ್ಲೊಬ್ಬರು ಸತ್ತರೆ ಅವತ್ತಿನ ಟಿಪ್ಪಣಿಯಲ್ಲಿ ಒಂದು ಸಾಲು ಸೇರುತ್ತದೆ: ಗಂಡೋ ಹೆಣ್ಣೋ, ಇಂತಿಂಥ ನಂಬರು, ಸಮುದ್ರಕ್ಕೆ ಹಾಕಿದ್ದಾಯಿತು. ಹೆಸರು ಇಲ್ಲ. ಹೆಸರು ಕೇಳುವ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ. ಭಾನುವಾರ ಬಂದರೆ ಅದೇ ಕಪ್ತಾನ ತನ್ನ ನಾವಿಕರನ್ನು ಕೂಡಿಸಿಕೊಂಡು ಪ್ರಾರ್ಥನೆ ನಡೆಸುತ್ತಿದ್ದ. ಬಿಡುವಿನಲ್ಲಿ ಲ್ಯಾಟಿನ್ ಕಲಿಯುತ್ತಿದ್ದ, ಬೈಬಲ್ ಓದುತ್ತಿದ್ದ, ಹೆಂಡತಿ ಮೇರಿಗೆ ಪ್ರೀತಿಯ ಪತ್ರ ಬರೆಯುತ್ತಿದ್ದ.

ಜಗತ್ತಿನಾದ್ಯಂತ ಚರ್ಚುಗಳಲ್ಲಿ ಹಾಡುವ ‘ಅಮೇಜಿಂಗ್ ಗ್ರೇಸ್’ ಬರೆದವನು ಇವನೇ.

ನಾನು ಬೆಟಗೇರಿಯವಳು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಬಾಸೆಲ್ ಮಿಷನ್ ಕಾಲದಿಂದ ಬಂದ ನಮ್ಮ ಸಭೆಯಿಂದ ಒಂದು ಚಿಕ್ಕ ಗುಂಪು ತಿಂಗಳಿಗೊಮ್ಮೆ ಪಕ್ಕದ ಜಿಲ್ಲೆಯ ಜೈಲಿಗೆ ಹೋಗುತ್ತದೆ. ಹಾಡು, ಪ್ರಾರ್ಥನೆ, ಅರ್ಧ ಗಂಟೆ ಮಾತು, ಆಮೇಲೆ ಬಿಸ್ಕೀಟು. ಅಲ್ಲಿ ನ್ಯೂಟನ್‌ನ ಕತೆ ಹೇಳದ ಉಪದೇಶಕರೇ ಇಲ್ಲವೆನ್ನಬೇಕು. ಹೇಳುವ ರೀತಿಯೂ ಒಂದೇ: ಕೆಟ್ಟ ಗುಲಾಮ ವ್ಯಾಪಾರಿ, ನಡುಗಡಲಲ್ಲಿ ಬಿರುಗಾಳಿ, ದೇವರೇ ಕಾಪಾಡು ಎಂಬ ಮೊರೆ, ಬದುಕುಳಿದ, ವ್ಯಾಪಾರ ಬಿಟ್ಟ, ಹಾಡು ಬರೆದ. ಕೈದಿಗಳು ತಲೆದೂಗುತ್ತಾರೆ.

ಒಮ್ಮೆ ಹೀಗೆ ಕತೆ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದವನು ಎದ್ದು ಬಂದ. ಕ್ರೈಸ್ತ ರೈತ ಕುಟುಂಬದವನು. ಹೊಲದ ಬದುವಿನ ಜಗಳದಲ್ಲಿ ಪಕ್ಕದ ಹೊಲದವನನ್ನು ಕೊಡಲಿಯಿಂದ ಹೊಡೆದು ಜೀವಾವಧಿ ಶಿಕ್ಷೆಗೆ ಬಂದವನು. “ಅಕ್ಕಾರ, ನಾ ಹೊಡದಾಂವ ಸತ್ತ ಹೋಗ್ಯಾನ್ರಿ. ದೇವರು ನನಗ ಕ್ಷಮಾ ಮಾಡಿದ್ರ ಅಂವಗ ಏನ್ ಬಂತ್ರಿ?” ಎಂದ.

ನಮ್ಮ ಉಪದೇಶಕರು ಅವನ ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಪ್ರಾರ್ಥನೆ ಒಳ್ಳೆಯದೇ. ಆದರೆ ಅದು ಅವನ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ನ್ಯೂಟನ್‌ನ ನಿಜವಾದ ಕತೆಯನ್ನು ಹೇಳಿದ್ದರೆ ಆ ಪ್ರಶ್ನೆಯ ಹತ್ತಿರವಾದರೂ ಹೋಗಬಹುದಿತ್ತು.

ನಿಜವಾದ ಕತೆ ಹೀಗಿದೆ. ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನ ವ್ಯಾಪಿಂಗ್‌ನಲ್ಲಿ. ಅಪ್ಪ ಹಡಗಿನವನು. ದೇವಭಕ್ತೆಯಾಗಿದ್ದ ಅಮ್ಮ ಇವನಿಗೆ ಏಳು ತುಂಬುವ ಮೊದಲೇ ಕ್ಷಯದಿಂದ ತೀರಿಕೊಂಡಳು. ಹರೆಯದಲ್ಲಿ ಇವನನ್ನು ಹಿಡಿದು ನೌಕಾದಳಕ್ಕೆ ಹಾಕಿದರು. ಓಡಿಹೋಗಲು ನೋಡಿ ಸಿಕ್ಕಿಬಿದ್ದು, ಎಲ್ಲರೆದುರು ಚಾವಟಿಯೇಟು ತಿಂದ. ಕೊನೆಗೆ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ಬಳಿಯ ಪ್ಲಾಂಟೇನ್ ದ್ವೀಪಗಳಲ್ಲಿ ಒಬ್ಬ ಬಿಳಿಯ ಗುಲಾಮ ವ್ಯಾಪಾರಿಯ ಕೈಕೆಳಗೆ ಸೇರಿದ. ಅಲ್ಲಿ ಜ್ವರ ಹಿಡಿದು ಮಲಗಿದಾಗ ಯಜಮಾನನ ಮನೆಯಲ್ಲಿ ಅನ್ನನೀರು ಕೇಳುವವರಿಲ್ಲ. ರಾತ್ರಿ ಹೊಲಕ್ಕೆ ನುಗ್ಗಿ ಹಸಿ ಗೆಡ್ಡೆ ಕಿತ್ತು ತಿಂದ. ಆಗ ಯಾರಿಗೂ ಗೊತ್ತಾಗದಂತೆ ತಮ್ಮ ಪಾಲಿನ ಚೂರುಪಾರು ಊಟ ತಂದುಕೊಟ್ಟವರು ಸಂಕೋಲೆಯಲ್ಲಿದ್ದ ಗುಲಾಮರು. ಇದನ್ನು ನ್ಯೂಟನ್ ತಾನೇ ಬರೆದುಕೊಂಡಿದ್ದಾನೆ. ಅವನ ಬದುಕಿನಲ್ಲಿ ಕೃಪೆ ಎಂಬುದು ಮೊದಲು ಯಾರ ಕೈಯಿಂದ ಬಂತು ಎಂದು ಕೇಳಿದರೆ ನಾನು ಬಿರುಗಾಳಿಯನ್ನಲ್ಲ, ಆ ಕೈಗಳನ್ನು ತೋರಿಸುತ್ತೇನೆ. ಅವುಗಳಿಗೂ ಹೆಸರಿಲ್ಲ.

ಬಿರುಗಾಳಿ ಬಂದದ್ದು 1748ರ ಮಾರ್ಚ್ 21ರಂದು. ಅಪ್ಪನ ಕೋರಿಕೆಯಂತೆ ಹುಡುಕಿ ಬಂದಿದ್ದ ‘ಗ್ರೇಹೌಂಡ್’ ಹಡಗು ಅವನನ್ನು ಆಫ್ರಿಕದಿಂದ ಊರಿಗೆ ಕರೆತರುತ್ತಿತ್ತು. ಸರಕು ಚಿನ್ನ, ದಂತ, ಜೇನುಮೇಣ, ಬಣ್ಣದ ಕಟ್ಟಿಗೆ. ಅಲೆ ಹೊಡೆದು ಹಡಗಿನ ಒಂದು ಬದಿ ಕಿತ್ತುಹೋಯಿತು. ಮಲಗಿದ್ದವನು ಎದ್ದು ಮೇಲಕ್ಕೆ ಹೊರಟಾಗ ಕಪ್ತಾನ ಚಾಕು ತಾ ಎಂದು ಅವನನ್ನು ಕೆಳಗೆ ಕಳಿಸಿದ. ಅವನ ಜಾಗದಲ್ಲಿ ಮೇಲೆ ಹೋದವನು ಆ ಕ್ಷಣಕ್ಕೇ ಸಮುದ್ರದ ಪಾಲಾದ. ನ್ಯೂಟನ್ ಗಂಟೆಗಟ್ಟಲೆ ಪಂಪು ಹೊಡೆದ, ಚುಕ್ಕಾಣಿ ಹಿಡಿದ, ದೇವರ ಹೆಸರೆತ್ತಿದ. ಮೇಣ ಮತ್ತು ಕಟ್ಟಿಗೆ ಹಗುರ ಸರಕಾದ್ದರಿಂದ ಹಡಗು ಮುಳುಗದೆ, ಸುಮಾರು ನಾಲ್ಕು ವಾರಗಳ ಮೇಲೆ ಐರ್ಲೆಂಡಿನ ದಡ ಮುಟ್ಟಿತು. ಆಗ ಅವನಿಗೆ 22 ವರ್ಷ. ಸಾಯುವವರೆಗೂ ಆ ದಿನವನ್ನು ಪ್ರತಿ ವರ್ಷ ಉಪವಾಸ, ಪ್ರಾರ್ಥನೆಯಲ್ಲಿ ಕಳೆದ.

ಉಪದೇಶಕರ ಕತೆ ಇಲ್ಲಿಗೆ ನಿಲ್ಲುತ್ತದೆ. ನ್ಯೂಟನ್ ನಿಲ್ಲಲಿಲ್ಲ. ಅದೇ ವರ್ಷ ಗುಲಾಮರ ಹಡಗೊಂದರಲ್ಲಿ ಕಪ್ತಾನನ ಸಹಾಯಕನಾಗಿ ಹೊರಟ. 1750ರಿಂದ 1754ರವರೆಗೆ ತಾನೇ ಕಪ್ತಾನನಾಗಿ ಮೂರು ಸಲ ಜನರನ್ನು ತುಂಬಿಕೊಂಡು ಅಟ್ಲಾಂಟಿಕ್ ದಾಟಿದ. ನಂಬರಿನ ದಿನಚರಿ ಬರೆದದ್ದು ಬಿರುಗಾಳಿಗೆ ಮೊದಲಲ್ಲ, ಆಮೇಲೆ. ದಂಗೆಯ ಸುಳಿವು ಸಿಕ್ಕಾಗ ಹುಡುಗರ ಹೆಬ್ಬೆರಳಿಗೆ ತಿರುಪು ಹಾಕಿ ಬಾಯಿ ಬಿಡಿಸಿದ್ದೂ ಆಮೇಲೆಯೇ. ಕಡೆಗೆ ಕಪ್ತಾನಗಿರಿ ಬಿಟ್ಟದ್ದು ಆತ್ಮಸಾಕ್ಷಿ ಕುಟುಕಿದ್ದಕ್ಕಲ್ಲ. 1754ರಲ್ಲಿ ಇನ್ನೇನು ಮತ್ತೆ ಹಡಗು ಹತ್ತಬೇಕು ಎನ್ನುವಾಗ ಮನೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದವನು ಫಿಟ್ಸ್ ಬಂದು ಬಿದ್ದ. ವೈದ್ಯರು ಸಮುದ್ರಯಾನ ಬೇಡವೆಂದರು.

ಹಾಗಾದರೆ ಅವನ ನಂಬಿಕೆ ಬೂಟಾಟಿಕೆಯೇ? ನನಗೆ ಹಾಗೆನಿಸುವುದಿಲ್ಲ. ಆ ಕಾಲದ ಲಿವರ್‌ಪೂಲಿನಲ್ಲಿ ಗುಲಾಮ ವ್ಯಾಪಾರ ಮರ್ಯಾದಸ್ಥರ ಉದ್ಯೋಗವಾಗಿತ್ತು. ಪಾಪವೆಂದರೆ ಕುಡಿತ, ಬೈಗುಳ, ಹಾದರ. ಇವನ್ನೆಲ್ಲ ಅವನು ಬಿಟ್ಟಿದ್ದ. ಹೊಟ್ಟೆಪಾಡಿನ ಕಸುಬನ್ನು ಪಾಪವೆಂದು ಎಣಿಸಲು ಅವನಿಗೆ ಯಾರೂ ಕಲಿಸಿರಲಿಲ್ಲ. ನಮ್ಮ ಕೂಟಗಳಲ್ಲೂ ಸಾಕ್ಷಿ ಹೇಳಲು ನಿಂತವರು ಬೀಡಿ ಬಿಟ್ಟೆ, ಸಾರಾಯಿ ಬಿಟ್ಟೆ ಎನ್ನುತ್ತಾರೆ. ಬಡ್ಡಿ ಬಿಟ್ಟೆ ಎಂದವರನ್ನು ನಾನಿನ್ನೂ ಕಂಡಿಲ್ಲ.

ಕ್ರೈಸ್ತೇತರ ಓದುಗರಿಗೆ ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ನಾವೂ ಕೇಳಿಯೇ ಬೆಳೆದವರು. ಕ್ರೈಸ್ತ ನಂಬಿಕೆ ಅದನ್ನು ಸುಳ್ಳೆನ್ನುವುದಿಲ್ಲ. ತಪ್ಪಿಗೆ ಬೆಲೆ ತೆರಲೇಬೇಕು, ಆದರೆ ಮನುಷ್ಯ ತೆರಲಾರದ ಆ ಬೆಲೆಯನ್ನು ಯೇಸುಸ್ವಾಮಿ ಶಿಲುಬೆಯ ಮೇಲೆ ತೆತ್ತಿದ್ದಾರೆ ಎನ್ನುತ್ತದೆ. ಆದ್ದರಿಂದ ದೇವರು ಒಬ್ಬನನ್ನು ತನ್ನವನೆಂದು ಸೇರಿಸಿಕೊಳ್ಳುವುದು ಅವನ ಯೋಗ್ಯತೆ ನೋಡಿ ಅಲ್ಲ. ಪ್ರೊಟೆಸ್ಟಂಟರು ಇದನ್ನು ಒಂದೇ ಗಳಿಗೆಯ ತೀರ್ಪೆಂಬಂತೆ ಹೇಳುತ್ತಾರೆ. ಕ್ಯಾಥೊಲಿಕರಲ್ಲಿ ಪಾದ್ರಿಗಳ ಮುಂದೆ ಪಾಪನಿವೇದನೆ, ಕ್ಷಮೆ, ಆಮೇಲೆ ಪ್ರಾಯಶ್ಚಿತ್ತ ಎಂಬ ಕ್ರಮವಿದೆ. ಎರಡರಲ್ಲೂ ಕ್ಷಮೆ ದಾನವಾಗಿ ಬರುವಂಥದ್ದು. ಇದು ತೀರಾ ಅಗ್ಗವಾಯಿತಲ್ಲ ಎಂಬ ಆಕ್ಷೇಪ ಹೊರಗಿನವರದಷ್ಟೇ ಅಲ್ಲ. ಹಿಟ್ಲರನನ್ನು ಎದುರಿಸಿ 1945ರಲ್ಲಿ ನೇಣಿಗೇರಿದ ಜರ್ಮನ್ ಪಾದ್ರಿ ಡೀಟ್ರಿಷ್ ಬಾನ್‌ಹಾಫರ್, 1937ರ ತನ್ನ ಪುಸ್ತಕದಲ್ಲಿ ಬದುಕನ್ನು ತಿದ್ದದ ಅಗ್ಗದ ಕೃಪೆಯನ್ನು ಚರ್ಚಿನ ವೈರಿಯೆಂದೇ ಜರೆದಿದ್ದಾನೆ.

ಕೈದಿಯ ಪ್ರಶ್ನೆಗೆ ಬೈಬಲಿನಲ್ಲಿ ಒಂದಲ್ಲ, ಎರಡು ಕತೆಗಳಿವೆ, ಎರಡೂ ಲೂಕನ ಸುವಾರ್ತೆಯಲ್ಲಿ. ಒಂದು, ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನದು. ನನ್ನನ್ನು ನೆನೆಸಿಕೋ ಎಂದು ಅವನು ಬೇಡಿಕೊಂಡ, ಇವತ್ತೇ ನನ್ನ ಸಂಗಡ ಇರುವೆ ಎಂಬ ಮಾತು ಪಡೆದ. ಕದ್ದದ್ದನ್ನು ಹಿಂದಿರುಗಿಸಲು ಅವನಿಗೆ ಹೊತ್ತೂ ಇರಲಿಲ್ಲ, ಕೈಯೂ ಬಿಡುವಿರಲಿಲ್ಲ. ಇನ್ನೊಂದು ಯೆರಿಕೋ ಊರಿನ ಜಕ್ಕಾಯನದು. ಸುಂಕದವರ ಮುಖ್ಯಸ್ಥ, ಜನರ ರೊಕ್ಕ ಹಿಂಡಿ ಸಾಹುಕಾರನಾದವನು, ಮೇಲಾಗಿ ಕುಳ್ಳ. ಜನಜಂಗುಳಿಯಲ್ಲಿ ಕಾಣದೆ ಮರ ಹತ್ತಿ ಕುಳಿತಿದ್ದ. ಯೇಸುಸ್ವಾಮಿ ಮರದ ಕೆಳಗೆ ನಿಂತು, ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಎಂದರು. ಊರವರು ಗೊಣಗಿದರು. ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದ. ಯಾವುದು ಮೊದಲು ಎಂದು ನೋಡಿ: ಮನೆಗೆ ಬರುತ್ತೇನೆಂಬ ಮಾತು ಮೊದಲು, ವಾಪಸಾತಿ ಆಮೇಲೆ. ಸೇರಿಸಿಕೊಂಡದ್ದಕ್ಕೆ ಅವನು ಲೆಕ್ಕದ ಪುಸ್ತಕ ತೆರೆಯುವ ಧೈರ್ಯ ಮಾಡಿದ. ಪರ್ವತ ಪ್ರಸಂಗದಲ್ಲೂ ಇದೇ ನಿಷ್ಠುರ ಇದೆ: ಕಾಣಿಕೆ ಹೊತ್ತು ಬಂದಾಗ ನೊಂದ ಸೋದರನ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಅವನ ಬಳಿ ಹೋಗಬೇಕು.

ನ್ಯೂಟನ್ ಪುಸ್ತಕ ತೆರೆಯಲು ತೆಗೆದುಕೊಂಡ ಕಾಲ ಬಹಳ ದೀರ್ಘ. ಲಿವರ್‌ಪೂಲಿನಲ್ಲಿ ಸುಂಕದ ಇಲಾಖೆಯ ನೌಕರಿ ಮಾಡಿದ. ವರ್ಷಗಟ್ಟಲೆ ಅಲೆದ ಮೇಲೆ 1764ರಲ್ಲಿ ಪಾದ್ರಿ ದೀಕ್ಷೆ ಸಿಕ್ಕಿತು. ಲೇಸು ಹೆಣೆದು ಬದುಕುವ ಬಡವರ ಊರಾದ ಓಲ್ನಿಗೆ ಹೋದ. 1773ರ ಹೊಸ ವರ್ಷದ ದಿನ ಅಲ್ಲಿ ಉಪದೇಶ ಮಾಡಿದ್ದು ಒಂದನೆಯ ಪೂರ್ವಕಾಲವೃತ್ತಾಂತದ 17ನೇ ಅಧ್ಯಾಯದ ಮೇಲೆ, ಇಷ್ಟು ದೂರ ನನ್ನನ್ನು ಕರೆತರಲು ನಾನೆಷ್ಟರವನು ಎಂದು ದಾವೀದ ಕೇಳುವ ಭಾಗ. ಅದಕ್ಕೆಂದು ಬರೆದ ಹಾಡೇ ಮುಂದೆ ‘ಅಮೇಜಿಂಗ್ ಗ್ರೇಸ್’ ಎಂದು ಹೆಸರಾದದ್ದು. ಈಗ ನಾವು ಹಾಡುವ ರಾಗ ಅದಕ್ಕೆ ಕೂಡಿಕೊಂಡದ್ದು 1835ರಲ್ಲಿ, ಅಮೆರಿಕದಲ್ಲಿ. ಹಾಡಿನಲ್ಲಿ ಹಡಗಾಗಲಿ ಗುಲಾಮರಾಗಲಿ ಎಲ್ಲೂ ಬರುವುದಿಲ್ಲ.

ಓಲ್ನಿಯಲ್ಲಿ ನ್ಯೂಟನ್‌ನ ಬಲಗೈಯಂತಿದ್ದವನು ಕವಿ ವಿಲಿಯಂ ಕೂಪರ್. ಇಬ್ಬರೂ ಸೇರಿ ಬರೆದ ‘ಓಲ್ನಿ ಹಿಮ್ಸ್’ 348 ಹಾಡುಗಳ ಸಂಗ್ರಹ, 1779ರಲ್ಲಿ ಅಚ್ಚಾಯಿತು. ಕೂಪರ್ ಯಾರಿಗೂ ಕೇಡು ಬಗೆದವನಲ್ಲ. ಮೊಲಗಳನ್ನು ಸಾಕಿ ಅವುಗಳ ಸ್ವಭಾವದ ಬಗ್ಗೆ ಬರೆದ ಮೆದು ಮನುಷ್ಯ. 1773ರ ಆ ವರ್ಷಾರಂಭದಲ್ಲೇ ಅವನ ಮನಸ್ಸು ಕುಸಿಯಿತು. ದೇವರು ತನ್ನೊಬ್ಬನನ್ನು ಮಾತ್ರ ಕೈಬಿಟ್ಟಿದ್ದಾನೆ ಎಂಬ ನಂಬಿಕೆ ಗಟ್ಟಿಯಾಗಿ ಹಿಡಿಯಿತು. ಸಾಯಲು ಯತ್ನಿಸಿದ. ನ್ಯೂಟನ್ ಅವನನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಂಡ. ಕೂಪರ್ ಮತ್ತೆ ಚರ್ಚಿಗೆ ಬರಲೇ ಇಲ್ಲ, 1800ರಲ್ಲಿ ಸಾಯುವವರೆಗೂ ಆ ಭಯ ಬಿಡಲಿಲ್ಲ. ನೂರಾರು ಜನರನ್ನು ಮಾರಿದವನು ಕ್ಷಮೆ ಸಿಕ್ಕಿತೆಂದು ನೆಮ್ಮದಿಯಿಂದ ಮಲಗುತ್ತಾನೆ, ಇರುವೆಗೂ ನೋವು ಮಾಡದವನಿಗೆ ನಿದ್ದೆಯಿಲ್ಲ. ಇದನ್ನು ದೇವಶಾಸ್ತ್ರದಿಂದ ವಿವರಿಸಲು ಹೋಗುವವರ ಬಗ್ಗೆ ನನಗೆ ಅನುಮಾನ. ಕೂಪರನದು ಕಾಯಿಲೆ. ಇಂದಾಗಿದ್ದರೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ಎನ್ನುತ್ತಿದ್ದೆವು. ಜೈಲಿನಲ್ಲೂ ಅಂಥವರಿದ್ದಾರೆ. ಅವರಿಗೆ ನಂಬಿಕೆ ಸಾಲದು ಎಂದು ಬೈಯುವುದು ಪಾಪ.

1779ರ ಕೊನೆಗೆ ನ್ಯೂಟನ್‌ನ ನೇಮಕ ಲಂಡನ್ನಿನ ಸೇಂಟ್ ಮೇರಿ ವುಲ್ನೊತ್ ಚರ್ಚಿಗೆ ಆಯಿತು. 1785ರ ಡಿಸೆಂಬರಿನಲ್ಲಿ ಮುಂದೆ ಗುಲಾಮ ವ್ಯಾಪಾರದ ವಿರುದ್ಧ ಸಂಸತ್ತಿನಲ್ಲಿ ಹೋರಾಡಿದ, ಆಗ ಇಪ್ಪತ್ತಾರರ ಎಳೆಯ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ ಗುಟ್ಟಾಗಿ ಅವನ ಮನೆಗೆ ಬಂದ. ಬಾಗಿಲು ತಟ್ಟಲು ಧೈರ್ಯ ಸಾಲದೆ ಮನೆಯೆದುರಿನ ಚೌಕವನ್ನು ಒಂದೆರಡು ಸುತ್ತು ಹಾಕಿದನಂತೆ. ರಾಜಕೀಯ ಬಿಡಬೇಡ ಎಂದು ನ್ಯೂಟನ್ ಹೇಳಿ ಕಳಿಸಿದ. ಸಲಹೆಗೆ ಬಂದವರಲ್ಲಿ ವಿಲಿಯಂ ಕೇರಿಯೂ ಒಬ್ಬ. 1793ರಲ್ಲಿ ಬಂಗಾಳಕ್ಕೆ ಹೊರಟ ಈ ಮಿಷನರಿ 1817ರಲ್ಲಿ ಶ್ರೀರಾಂಪುರದಿಂದ ನಮ್ಮ ಕನ್ನಡಕ್ಕೊಂದು ವ್ಯಾಕರಣ ಪ್ರಕಟಿಸಿದ.

ಕಡೆಗೂ 1788ರಲ್ಲಿ, ಕಪ್ತಾನಗಿರಿ ಬಿಟ್ಟ 34 ವರ್ಷಗಳ ಮೇಲೆ, ನ್ಯೂಟನ್ ಗುಲಾಮ ವ್ಯಾಪಾರದ ಬಗ್ಗೆ ಕಿರುಹೊತ್ತಗೆ ಬರೆದ. ಈಗ ನೆನೆದರೆ ಎದೆ ನಡುಗುವ ಈ ಕಸುಬಿನಲ್ಲಿ ನಾನೇ ಕೈಯಾರೆ ದುಡಿದೆ ಎಂದು ಶುರುವಿನಲ್ಲೇ ಒಪ್ಪಿಕೊಂಡ. ಆಮೇಲಿನದು ವಿವರ. ಸುಮಾರು ನೂರು ಟನ್ನಿನ ಹಡಗಿನಲ್ಲಿ 220ರಿಂದ 250 ಜನ. ಅವರನ್ನು ತುಂಬುವ ಕೋಣೆಯ ಎತ್ತರ ಐದಡಿ, ಕೆಲವೊಮ್ಮೆ ಅದೂ ಇಲ್ಲ. ನಡುವೆ ಹಲಗೆ ಹೊಡೆದು ಎರಡಂತಸ್ತು ಮಾಡಿ, ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ಮಲಗಿಸುತ್ತಿದ್ದರು ಎಂದು ಅವನೇ ಹೋಲಿಸಿದ್ದಾನೆ. ತಾಯಿಯೊಬ್ಬಳ ಜೊತೆ ವರ್ಷದ ಕೂಸನ್ನು ಕೊಂಡ ಒಬ್ಬ ನಾವಿಕ, ರಾತ್ರಿ ಅಳುವಿಗೆ ನಿದ್ದೆ ಬರುವುದಿಲ್ಲವೆಂದು ಅದನ್ನು ಕಿತ್ತುಕೊಂಡು ಸಮುದ್ರಕ್ಕೆ ಎಸೆದದ್ದನ್ನೂ ಬರೆದ. ಸಂಸತ್ತಿನ ಸದಸ್ಯರಿಗೆಲ್ಲ ಪುಸ್ತಕ ತಲುಪಿತು. ಮುದುಕ ಸಮಿತಿಗಳ ಮುಂದೆ ನಿಂತು ಸಾಕ್ಷಿ ಹೇಳಿದ. ಈ ವ್ಯಾಪಾರದಲ್ಲಿ ಕೈಯಾಡಿಸಿದ ಒಬ್ಬ ಪಾದ್ರಿಯ ಬಾಯಿಂದ ಬಂದ ಸಾಕ್ಷಿಯನ್ನು ವ್ಯಾಪಾರಿಗಳು ಸುಳ್ಳೆನ್ನುವುದು ಕಷ್ಟವಾಯಿತು. ಗುಲಾಮ ವ್ಯಾಪಾರ ನಿಷೇಧದ ಕಾಯ್ದೆ 1807ರ ಮಾರ್ಚ್ 25ರಂದು ಬಂತು. ಅದೇ ವರ್ಷ ಡಿಸೆಂಬರ್ 21ರಂದು ನ್ಯೂಟನ್ ತೀರಿಕೊಂಡ.

ನನ್ನನ್ನು ಬಹಳ ಕಾಡುವುದು ಅವನ ಸಮಾಧಿಬರಹ. ತಾನೇ ಬರೆದಿಟ್ಟದ್ದು. ನಾಸ್ತಿಕನಾಗಿದ್ದೆ, ಲಂಪಟನಾಗಿದ್ದೆ, ಆಫ್ರಿಕದಲ್ಲಿ ಗುಲಾಮರಿಗೂ ಆಳಾಗಿದ್ದೆ, ಕ್ರಿಸ್ತನ ಕರುಣೆಯಿಂದ ಕ್ಷಮೆ ಪಡೆದೆ ಎಂಬ ಅರ್ಥದ ಮಾತುಗಳು ಅಲ್ಲಿವೆ. ತಾನು ಪಟ್ಟ ಪಾಡು ಇದೆ. ಗುಲಾಮರನ್ನು ಮಾರಿದೆ ಎಂಬುದು ಮಾತ್ರ ಇಲ್ಲ. ಕಿರುಹೊತ್ತಗೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡವನಿಗೆ ಕಲ್ಲಿನ ಮೇಲೆ ಕೆತ್ತಿಸುವಾಗ ಕೈ ತಡೆಯಿತೇ, ಅಥವಾ ಕೊನೆಯವರೆಗೂ ಅವನ ಲೆಕ್ಕದಲ್ಲಿ ದೊಡ್ಡ ಪಾಪ ನಾಸ್ತಿಕತನವೇ ಆಗಿತ್ತೇ?

ನಂಬರುಗಳ ಕಡೆಯಿಂದ ಮಾತಾಡಿದವರೂ ಇದ್ದರು. ಓಲೌಡಾ ಎಕ್ವಿಯಾನೊ, ಈಗಿನ ನೈಜೀರಿಯಾದ ಇಗ್ಬೊ ನಾಡಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಅಪಹರಣಕ್ಕೊಳಗಾದೆ ಎಂದು ಹೇಳಿಕೊಂಡವನು, ದುಡಿದು ತನ್ನ ಬಿಡುಗಡೆಯನ್ನು ತಾನೇ ಕೊಂಡವನು, 1789ರಲ್ಲಿ ಲಂಡನ್ನಿನಲ್ಲಿ ಆತ್ಮಕತೆ ಪ್ರಕಟಿಸಿದ. ಅವನೂ ಕ್ರೈಸ್ತ. ತನ್ನನ್ನು ಮಾರಿದವರನ್ನು ಆ ಪುಸ್ತಕದಲ್ಲಿ ಅವರದೇ ಧರ್ಮದ ಮಾತಿನಿಂದ ವಿಚಾರಿಸಿಕೊಳ್ಳುತ್ತಾನೆ. 1833ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ಕೊನೆಗೊಳಿಸುವ ಕಾಯ್ದೆ ಬಂದಾಗ ಸರ್ಕಾರ 2 ಕೋಟಿ ಪೌಂಡು ಪರಿಹಾರ ಕೊಟ್ಟಿತು. ಅದು ಸಂದದ್ದು ಯಜಮಾನರಿಗೆ. ಗುಲಾಮರಾಗಿದ್ದವರಿಗೆ ಚಿಕ್ಕಾಸೂ ಇಲ್ಲ.

ಹಾಡು ಮಾತ್ರ ಅವರ ಮಕ್ಕಳು ಮೊಮ್ಮಕ್ಕಳ ಬಾಯಿಗೆ ಬಂತು. 2015ರ ಜೂನ್ 17ರಂದು ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ಕಪ್ಪು ಜನರ ಇಮ್ಯಾನ್ಯುಯೆಲ್ ಚರ್ಚಿಗೆ ಬಂದ ಬಿಳಿಯ ಯುವಕನೊಬ್ಬ ಬೈಬಲ್ ಅಧ್ಯಯನಕ್ಕೆ ಕುಳಿತು, ಆಮೇಲೆ ಗುಂಡು ಹಾರಿಸಿ ಒಂಬತ್ತು ಜನರನ್ನು ಕೊಂದ. ಎರಡೇ ದಿನದಲ್ಲಿ ಕೋರ್ಟಿನಲ್ಲಿ ಸತ್ತವರ ಮನೆಯವರು ಕೆಲವರು ಅವನನ್ನು ಕ್ಷಮಿಸಿದೆವೆಂದರು. ಅವರಲ್ಲೇ ಒಬ್ಬಾಕೆ ತನಗಿನ್ನೂ ಬಹಳ ಸಿಟ್ಟಿದೆ ಎಂದೂ ಹೇಳಿದಳು. ಜೂನ್ 26ರಂದು, ಸತ್ತವರಲ್ಲೊಬ್ಬರಾದ ಆ ಚರ್ಚಿನ ಪಾದ್ರಿಯ ಅಂತ್ಯಕ್ರಿಯೆಯಲ್ಲಿ ಅಧ್ಯಕ್ಷ ಒಬಾಮ ಭಾಷಣದ ನಡುವೆ ಮಾತು ನಿಲ್ಲಿಸಿ ಇದೇ ಹಾಡನ್ನು ಎತ್ತಿಕೊಂಡರು. ಕೊಂದವನು ಪಶ್ಚಾತ್ತಾಪ ಪಡಲಿಲ್ಲ, ಪಡುವುದಿಲ್ಲವೆಂದು ಬರೆದೂ ಇಟ್ಟ. ಹಾಗಾಗಿ ಜೈಲಿನಲ್ಲಿ ಒಬ್ಬ ತಾನಾಗಿ ಎದ್ದು ಬಂದು ಸತ್ತವನಿಗೆ ಏನು ಬಂತು ಎಂದು ಕೇಳಿದರೆ ನನಗದು ಸಣ್ಣ ಮಾತಲ್ಲ. ಕೃಪೆ ಅವನನ್ನು ಮುಟ್ಟಿದೆ ಎಂದು ನಾನು ನಂಬುವುದು ಅವನ ಕಣ್ಣೀರಿನಿಂದಲ್ಲ, ಆ ಪ್ರಶ್ನೆಯಿಂದ.

ಈ ಎಲ್ಲ ಕತೆಯನ್ನು ಎರಡು ಮೂರು ಭೇಟಿಗಳಲ್ಲಿ ಅವನಿಗೆ ಹೇಳಿದೆ. ಜಕ್ಕಾಯನದನ್ನು ಮತ್ತೆ ಹೇಳಿಸಿಕೊಂಡ. ಜೈಲಿನ ಮಗ್ಗದ ಕೂಲಿಯಲ್ಲಿ ಕೂಡಿಟ್ಟದ್ದನ್ನು ಸತ್ತವನ ಹೆಂಡತಿಗೆ ಕಳಿಸಬಹುದೇ ಎಂದು ಕೇಳಿದ. ಮೊದಲು ಆಕೆ ಒಪ್ಪುತ್ತಾಳೋ ಕೇಳಿಸು ಎಂದೆ. ಊರ ಹಿರಿಯರೊಬ್ಬರು ಹೋಗಿ ಕೇಳಿದರು. ಆಕೆ ಹೇಳಿ ಕಳಿಸಿದ್ದು ಇಷ್ಟು: “ರೊಕ್ಕ ಬ್ಯಾಡ. ಬದುವಿನ ಕೇಸ್ ಮೊದಲ ತಗೀರಿ ಅನ್ರಿ.”

ಕೊಲೆಯ ಕೇಸು ಎಂದೋ ಮುಗಿದಿತ್ತು. ಆದರೆ ಆ ಬದುವಿನ ಸಿವಿಲ್ ದಾವೆಯನ್ನು ಇವನ ಅಣ್ಣತಮ್ಮಂದಿರು ಕೋರ್ಟಿನಲ್ಲಿ ನಡೆಸುತ್ತಲೇ ಇದ್ದರು, ಇವನ ಹೆಸರೂ ಅದರಲ್ಲಿತ್ತು. ಆಕೆ ವಾಯಿದೆ ವಾಯಿದೆಗೂ ಕೂಲಿ ಬಿಟ್ಟು ಬಸ್ಸಿಗೆ ರೊಕ್ಕ ಹಾಕಿಕೊಂಡು ಹೋಗಬೇಕಿತ್ತು. ತನ್ನ ಪಾಲಿನ ಹಕ್ಕು ಬೇಡವೆಂದು ಇವನು ವಕೀಲರಿಗೆ ಬರೆದುಕೊಟ್ಟ. ಉಳಿದವರು ಒಪ್ಪಲಿಲ್ಲ. ಅಣ್ಣ ಅಂದಿನಿಂದ ಮುಲಾಕಾತಿಗೆ ಬರುವುದನ್ನು ನಿಲ್ಲಿಸಿದ್ದಾನೆ, ದಾವೆ ನಡೆದೇ ಇದೆ. ಒಬ್ಬನೇ ಹಿಂದೆ ಸರಿದರೆ ಆ ಪಟ್ಟಿ ಜಾಗದಲ್ಲಿ ತನ್ನ ಪಾಲಾದರೂ ಆಕೆಗೆ ಸೇರುತ್ತದೋ, ಇಲ್ಲ ಅಣ್ಣನಿಗೇ ಹೋಗುತ್ತದೋ ತಿಳಿದುಕೊಂಡು ಬನ್ನಿ ಎಂದು ಹೋದ ಸಲ ಕೇಳಿದ. ಗದಗಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿವಿಲ್ ವಕೀಲನಾಗಿದ್ದಾನೆ. ದಾವೆಯ ನಂಬರು ಬರೆದುಕೊಂಡು ಬಂದಿದ್ದೇನೆ, ಈ ವಾರ ಅವನನ್ನು ಕಾಣಬೇಕು.